ಕರೆದರೆ ತಿರುಗದ ಗೋದಕ್ಕ

ಮೊನ್ನೆ ರಾಮದುರ್ಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಭಟ್ಟರ ಮಂತ್ರಕ್ಕಿಂತ ಫೋಟೋದವನ ಹುಕುಂಗಳೇ ಜೋರಾಗಿದ್ದವು. "ಮೇಡಂ, ಗಲ್ಲ ಸ್ವಲ್ಪ ಮ್ಯಾಲೆ. ಸರ್, ನೀವು ಮೇಡಂ ಕಡೆ ನೋಡ್ರಿ. ನಗ್ರಿ, ನಗ್ರಿ." ಪಾಪ, ಮದುಮಗಳು ಅವನು ಬಾಯಿ ತೆರೆದಾಗಲೆಲ್ಲ ಅವನ ಕಡೆಗೇ ತಿರುಗುತ್ತಿದ್ದಳು, ಅವನು ಹಣೆ ಬಡಿದುಕೊಳ್ಳುತ್ತಿದ್ದ. ಊಟದ ಪಾಳಿಗಾಗಿ ಕಾಯುತ್ತ ಕುಳಿತಿದ್ದ ನನಗೆ ಗೋದಕ್ಕನ ನೆನಪಾಯಿತು. ಹಸಿದಾಗ ನನಗೆ ಸಿಟ್ಟೊಂದೇ ಬರುವುದು ಎಂದು ಮನೆಯವರು ಹೇಳುತ್ತಾರೆ. ಅವತ್ತು ನೆನಪೂ ಬಂತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಸವದತ್ತಿಯಿಂದ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದ ಹೊಸತು. ನಮ್ಮ ಎದುರು ಮನೆ ಗೋದಕ್ಕನದು. ಗಂಡ ಹತ್ತಿ ದಲಾಲರ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ಮತ್ತು ಮಗಳು ಸುಮಿತ್ರಾ ಇಬ್ಬರೇ. ಗೋದಕ್ಕನಿಗೆ ಅರವತ್ತರ ಸುಮಾರು, ಕೂತರೆ ಗೋಡೆಗೆ ಒರಗುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. "ಗೋದಕ್ಕಾ, ಹಾಲು ಉಕ್ಕಾಕತ್ತೈತಿ" ಎಂದರೆ ಕೈ ಪಾತ್ರೆಗೆ ಹೋಗುತ್ತಿತ್ತು, ಮುಖ ಮಾತ್ರ ಇದ್ದಲ್ಲೇ ಇರುತ್ತಿತ್ತು. ಬರೀ ಹೆಸರು ಹಿಡಿದು ಕರೆದರೆ ಅದೂ ಇಲ್ಲ. ಓಣಿಯವರು ಸೊಕ್ಕು ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಬಾಯಿಯ ಗುಣ ನಿಮಗೆ ಹೇಳಿಬಿಡುವುದೇ ಒಳ್ಳೆಯದು. ಅದು ನನ್ನ ಮಾತು ಕೇಳುವುದಿಲ್ಲ. ಒಂದು ದಿನ ಅವರ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತ ಕೇಳಿಯೇ ಬಿಟ್ಟೆ. "ಅಲ್ರಿ ಗೋದಕ್ಕ, ಆವಾಗಿನಿಂದ ಒದರಾಕತ್ತೇನಿ. ಒಮ್ಮೆರ ಹೊಳ್ಳಿ ನೋಡಿದ್ರ ನಿಮ್ಮ ಗಂಟೇನು ಹೋಗತೈತಿ?"

ಅವರು ನಕ್ಕರು. ಸುಮಿತ್ರಾ ಕೆಳಗೆ ಇದ್ದಾಳೋ ಎಂದು ಬಗ್ಗಿ ನೋಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು. ನಾಟಕದಲ್ಲಿ ಹಾಡುತ್ತಿದ್ದ ಚಿಕ್ಕಮ್ಮನ ಬೆನ್ನು ಹತ್ತಿ ಹುಡುಗಿಯಾಗಿದ್ದಾಗಲೇ ಕೊಲ್ಲಾಪುರಕ್ಕೆ ಹೋಗಿದ್ದರಂತೆ. ಅಲ್ಲಿ ಮೂಕಿ ಸಿನೆಮಾದಲ್ಲಿ ನಾಯಕಿ. ಬಿಸಿಲಲ್ಲೇ ಶೂಟಿಂಗು, ತಲೆಯ ಮೇಲೆ ಬಿಳಿ ಬಟ್ಟೆಯ ಚಪ್ಪರ. ಧ್ವನಿ ಹೇಗೂ ಪರದೆಗೆ ಬರುವುದಿಲ್ಲವಾದ್ದರಿಂದ, ಕ್ಯಾಮೆರಾದ ಹಿಡಿಕೆ ತಿರುಗಿಸುತ್ತಿರುವಾಗಲೇ ಡೈರೆಕ್ಟರು ಪಕ್ಕದಲ್ಲಿ ನಿಂತು ಒದರುತ್ತಿದ್ದರಂತೆ: ನಡಿ, ನಿಲ್ಲು, ಹೆದರು, ಈಗ ಅಳು, ಸಾಕು. ಒದರಿದವರ ಕಡೆ ಕಣ್ಣು ಹೋಯಿತೋ, ರೀಲು ಹಾಳು, ಬೈಗುಳ ಬೇರೆ.

"ಅಂವ ನನ್ನ ಕುತಗಿಗೆ ಗೂಟಾ ಬಡದ್ನವ್ವಾ ತಂಗಿ. ಈಗ ಕೀಳಾಕ ಬರವಲ್ದು. ಅದರಾಗ ಹೆದರಿಕಿ ಆತಂದ್ರಂತೂ ಮುಗೀತು."

"ಮತ್ತ ನೀವು ಬಾಯಿ ಅಲ್ಲಾಡಸತಿದ್ರಲ್ಲಾ, ಏನಂತಿದ್ರಿ?"

"ಏನರ ಅಂತಿದ್ನಿ. ಪರದಿ ಮ್ಯಾಲ 'ನೀನಿಲ್ಲದ ನಾ ಬದುಕಂಗಿಲ್ಲ' ಅಂತ ಮರಾಠಿ ಅಕ್ಷರ ಬರತಿದ್ವು. ನಾ ಅಂದಿದ್ದು, 'ನಿನ್ನ ಮೀಸಿ ಅಂಟು ಬಿಡಾಕತ್ತೈತಿ ನೋಡೋ' ಅಂತ."

ಸಂಡಿಗೆ ಹಿಟ್ಟು ಕೈಯಲ್ಲಿದ್ದಂತೆಯೇ ಇಬ್ಬರೂ ನಕ್ಕೆವು. ಕೆಲವು ವರ್ಷಕ್ಕೆ ಮೂಕಿ ಹೋಗಿ ಮಾತಾಡುವ ಸಿನೆಮಾ ಬಂತಂತೆ. ಗೋದಕ್ಕನ ಮರಾಠಿಯಲ್ಲಿ ತವರೂರು ರಾಮದುರ್ಗದ ಕನ್ನಡ ಇಣುಕುತ್ತಿತ್ತು. ಕಂಪನಿಯವರು ಬೇಡ ಎಂದರು. ಒಳ್ಳೆಯ ಮನುಷ್ಯನೊಬ್ಬ ಮದುವೆಯಾಗಿ ಇಲ್ಲಿಗೆ ಕರೆತಂದ. ಸಿನೆಮಾದವಳು ಎಂದರೆ ಜನ ಕಣ್ಣಲ್ಲೇ ಅಳೆಯುವ ಕಾಲ ಅದು. ಗಂಡ ಹೆಂಡತಿ ಬಾಯಿ ಹೊಲಿದುಕೊಂಡರು, ಮಗಳಿಗೂ ಹೇಳಲಿಲ್ಲ. "ಸುಮಿ ಲಗ್ನ ಆಗೂತನಕ ನಿನ್ನ ಹೊಟ್ಟ್ಯಾಗ ಇರಲೆವ್ವಾ" ಎಂದರು. ಇಟ್ಟುಕೊಂಡೆ. ನನ್ನಂಥವಳಿಗೆ ಅದು ಸಣ್ಣ ವ್ರತವೇನಲ್ಲ.

ಕಿತ್ತೂರಿನಿಂದ ಗಂಡಿನ ಕಡೆಯವರು ಬಂದದ್ದು ಆ ಬೇಸಿಗೆಯಲ್ಲಿ. ಹುಡುಗನ ಅಪ್ಪ ಮತ್ತು ಸೋದರತ್ತೆ. ಹೈವೇ ಪಕ್ಕ ಅವರದು ಸ್ವಂತ ಅಂಗಡಿ, ಒಳ್ಳೆಯ ಸಂಬಂಧ. ಹಿಂದೆ ಎರಡು ಸಂಬಂಧ ತಪ್ಪಿದ್ದರಿಂದ ಗೋದಕ್ಕ ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲ. ಉಪ್ಪಿಟ್ಟಿನ ಜವಾಬ್ದಾರಿ ನನ್ನದು.

ನಮ್ಮ ಕಡೆ ಹೆಣ್ಣು ನೋಡಲು ಬಂದ ಹೆಂಗಸರು ಹುಡುಗಿಯನ್ನು ಹಿಂದಿನಿಂದ ಮೆಲ್ಲಗೆ ಕರೆದು ನೋಡುತ್ತಿದ್ದರು, ಕಿವಿ ಸರಿ ಇದೆಯೋ ಎಂದು. ಸೋದರತ್ತೆ ಕರೆದಳು, ಸುಮಿತ್ರಾ ಥಟ್ಟನೆ ತಿರುಗಿದಳು, ಪಾಸಾದಳು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಆ ಹೆಂಗಸು ಗೋದಕ್ಕನ ಬೆನ್ನ ಹಿಂದೆ ಸರಿದು, ಅದೇ ಧ್ವನಿಯಲ್ಲಿ, "ಗೋದಕ್ಕಾರ" ಎಂದಳು.

ಗೋದಕ್ಕ ಗೋಡೆಯನ್ನೇ ನೋಡುತ್ತಿದ್ದರು.

"ಗೋದಕ್ಕಾರ."

ತಿರುಗಲಿಲ್ಲ. ಅವರ ಕತ್ತಿನ ನರ ಬಿಗಿದದ್ದು ನನಗೆ ಕಾಣಿಸಿತು. ಒಗ್ಗರಣೆಯ ಸೌಟು ನನ್ನ ಕೈಯಲ್ಲೇ ಉಳಿಯಿತು.

"ಅಣ್ಣಾ, ತಾಯಿಗೆ ಕಿವಿ ಕೇಳಂಗಿಲ್ಲ. ನಾಳೆ ಮಕ್ಕಳಿಗೆ ಬಂದ್ರ?"

ಹುಡುಗನ ಅಪ್ಪ ಹೊರಡುವವರಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡರು.

"ಕೇಳಸ್ತೈತ್ರಿ" ಎಂದರು ಗೋದಕ್ಕ.

"ಕೇಳಿದ್ರ ಯಾಕ ಹೊಳ್ಳಿ ನೋಡಲಿಲ್ರಿ?"

ಏನಾದರೊಂದು ಸುಳ್ಳು ಹೇಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಕಿವುಡರ ಮನೆತನವೆಂದು ಊರಾಡಿದರೆ ಸುಮಿತ್ರಾಗೆ ಯಾರೂ ಬರುವುದಿಲ್ಲ. ನಿಜ ಹೇಳಿದರೆ ಇವರು ಮೆಟ್ಟಿಲು ಇಳಿಯುತ್ತಾರೆ. ಗೋದಕ್ಕ ಮಗಳತ್ತ ನೋಡಲಿಲ್ಲ. ನಿಜವನ್ನೇ ಹೇಳಿದರು, ಕೊಲ್ಲಾಪುರದಿಂದ ಹಿಡಿದು ಎಲ್ಲವನ್ನೂ. ಸುಮಿತ್ರಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಸೋದರತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೌದಾ? ಹಂಗಾರ ಒಂದೀಟು ಅತ್ತು ತೋರಸ್ರಿ, ನೋಡೂಣು."

ಆ ನಗುವಿಗೆ ನನ್ನ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಗೋದಕ್ಕನ ಕಣ್ಣು ತುಂಬಿದವು. ಮುಖದ ಒಂದು ಗೆರೆ ಅಲುಗಲಿಲ್ಲ, ಬೆನ್ನು ಬಾಗಲಿಲ್ಲ, ನೀರು ಮಾತ್ರ ಗಲ್ಲದ ಮೇಲೆ ಇಳಿಯತೊಡಗಿತು. ಹುಡುಗನ ಅಪ್ಪ ನೆಲ ನೋಡಿದರು. ಸೋದರತ್ತೆಯ ನಗು ನಿಂತಿತು.

"ಸಾಕ್ರಿ" ಎಂದಳು. ಗೋದಕ್ಕ ನಿಲ್ಲಿಸಲಿಲ್ಲ. "ಸಾಕ್ರೆವ್ವಾ, ಸಾಕು" ಎಂದು ಗಾಬರಿಯಲ್ಲಿ ಮತ್ತೆ ಹೇಳಿದಳು. ನಿಲ್ಲಲಿಲ್ಲ.

ಸುಮಿತ್ರಾ ಬಂದು ತಾಯಿಯ ಮುಂದೆ, ಬಂದವರಿಗೆ ಕಾಣದಂತೆ ಅಡ್ಡ ಕೂತಳು. "ನಮ್ಮವ್ವನ್ನ ನೋಡಿದ್ದು ಆತಲ್ಲ. ಇನ್ನ ಹೊಂಡ್ರಿ" ಎಂದಳು. ಹೋದರು. ಉಪ್ಪಿಟ್ಟು ತಳ ಹಿಡಿದಿತ್ತು.

ಸೆರಗಿನಿಂದ ತಾಯಿಯ ಮುಖ ಒರೆಸುತ್ತ ಸುಮಿತ್ರಾ ಕೇಳಿದಳು: "ಅವ್ವಾ, ಖರೇನ ಅತ್ತೇನು, ಮಾಡಿದೇನು?"

"ನನಗೂ ತಿಳೀಲಿಲ್ಲವ್ವಾ" ಎಂದರು ಗೋದಕ್ಕ.

ಮರುವರ್ಷ ದೊಡವಾಡದ ಮಾಸ್ತರರೊಬ್ಬರು ಹೆಣ್ಣು ನೋಡಲು ಬಂದರು. ಕೂತ ಕೂಡಲೇ ಸುಮಿತ್ರಾಳೇ ಹೇಳಿದಳು: "ನಮ್ಮವ್ವ ಸಿನೆಮಾದಾಗ ಇದ್ದಾಕಿ. ಬ್ಯಾಡಾಗಿದ್ರ ಚಾ ಕುಡದು ಹೋಗ್ರಿ." ಅವರು ಚಹಾ ಕುಡಿದರು, ಹೋಗಲಿಲ್ಲ. ಕೆಲವು ವರ್ಷ ಮಗಳ ಮನೆಯಲ್ಲಿದ್ದು ಗೋದಕ್ಕ ತೀರಿಕೊಂಡರು.

ಆ ದಿನದ ಕತೆಯನ್ನು ನಾನು ಎಷ್ಟೋ ಮಂದಿಗೆ ರಂಗುಕಟ್ಟಿ ಹೇಳಿದ್ದೇನೆ. ಎಂಥಾ ನಟಿ, ಎದುರಿನವರ ಬೆವರಿಳಿಸಿದಳು ಎಂದು ಚಪ್ಪಾಳೆ ಗಿಟ್ಟಿಸಿದ್ದೇನೆ. ಮದುವೆಯಿಂದ ಬಂದು ಇದನ್ನು ಬರೆಯಲು ಕೂತಾಗ, ಯಾವುದಕ್ಕೂ ಇರಲಿ ಎಂದು ಸುಮಿತ್ರಾಗೆ ಫೋನ್ ಮಾಡಿ ಬರೆಯಲೇ ಎಂದು ಕೇಳಿದೆ. ಅವಳೂ ಈಗ ಮೊಮ್ಮಕ್ಕಳ ಅಜ್ಜಿ.

"ಬರೀರಿ ವೈನಿ. ಆದ್ರ ಅವತ್ತ ನಮ್ಮವ್ವ ಅತ್ತಿದ್ದು ಖರೇ ಅಂತ ಬರೀರಿ."

ಖರೆ. ಗೋದಕ್ಕ ಅವತ್ತು ಅತ್ತರು.