ಅಲೆದಾಡುವ ಗರ್ಭಕೋಶ

ಕಳೆದ ತಿಂಗಳು ಸೆಂಬವಾಂಗ್ ಬಡಾವಣೆಯ ನಮ್ಮ ಮನೆಗೆ ವಾಪಸಾಗುವಾಗ ಮಗಳು ನಿಧಿ ಎಂಆರ್‌ಟಿ ಮೆಟ್ರೋ ರೈಲಿನಲ್ಲೇ ಕುಸಿದು ಕೂತಳು. ಹದಿನೇಳರ ಹುಡುಗಿ. ಮುಟ್ಟಿನ ನೋವು ಅವಳಿಗೆ ಹೊಸದಲ್ಲ. ಆದರೆ ಈ ಸಲ ಎದ್ದು ನಿಲ್ಲಲೂ ಆಗಲಿಲ್ಲ.

ಸ್ಟೇಷನ್ನಿನಿಂದ ಸೀದಾ ಕ್ಲಿನಿಕ್ಕಿಗೆ ಹೋದೆವು. ಈ ಪರದೇಶದಲ್ಲೂ ಡಾಕ್ಟರು ನಮ್ಮ ಕಡೆಯವರೇ. ಹೊಟ್ಟೆ ಮುಟ್ಟಿಯೂ ನೋಡಲಿಲ್ಲ, ಕನ್ನಡದಲ್ಲೇ ಸಮಾಧಾನ ಹೇಳಿದರು (ನನಗೆ, ಅವಳಿಗಲ್ಲ).

“ಎಕ್ಸಾಮ್ ಸ್ಟ್ರೆಸ್ ಅಷ್ಟೇ. ಪೇನ್‌ಕಿಲ್ಲರ್ ಕೊಡ್ತೀನಿ. ಮುಂದೆ ಮದುವೆಯಾಗಿ ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ.”

ನಿಧಿ ತಲೆಯೆತ್ತಿದಳು. “ಡಾಕ್ಟರ್, ಗ್ರೀಕರೂ ಸೇಮ್ ಹೇಳಿದ್ರು ಲಾ,” ಎಂದಳು, ಇಲ್ಲಿಯವರಂತೆ ಕೊನೆಗೊಂದು ‘ಲಾ’ ಎಳೆದು.

“ಯಾರು?”

“ಏನ್ಶಿಯಂಟ್ ಗ್ರೀಸ್‌ನ ಡಾಕ್ಟರ್ಸ್. ಸ್ಕೂಲ್ ಪ್ರಾಜೆಕ್ಟ್‌ಗೆ ಓದಿದೆ. ಗರ್ಭಕೋಶ ಖಾಲಿ ಇದ್ರೆ ಅದು ಬಾಡಿ ಒಳಗೆ ಓಡಾಡುತ್ತಂತೆ.”

ಡಾಕ್ಟರು ನನ್ನ ಕಡೆ ನೋಡಿ ನಕ್ಕರು. “ಮಗಳು ತುಂಬಾ ಶಾರ್ಪ್.”

ಮನೆಯಲ್ಲಿ ಆ ಪ್ರಾಜೆಕ್ಟ್ ಓದಿದೆ. ಒಣಗಿ ಹಗುರಾದ ಗರ್ಭಕೋಶ ಗಂಟಲಿನವರೆಗೂ ಏರುತ್ತದಂತೆ. ಅದನ್ನು ಕೆಳಗಿಳಿಸಲು ಮೂಗಿಗೆ ದುರ್ವಾಸನೆ, ಕೆಳಗೆ ಸುಗಂಧದ ಹೊಗೆ. ಎಲ್ಲಕ್ಕಿಂತ ದೊಡ್ಡ ಮದ್ದು ಗಂಡ ಮತ್ತು ಬಸಿರು. ರೋಮಿನಲ್ಲಿದ್ದ ವೈದ್ಯನೊಬ್ಬ, ಅದು ಎಲ್ಲಿಗೂ ಓಡುವುದಿಲ್ಲ ಎಂದು ಬರೆದನಂತೆ. ಕೇಳಿದವರು ಎಷ್ಟು ಜನ?

ಆ ಗ್ರೀಕರನ್ನಾದರೂ ಕ್ಷಮಿಸಬಹುದು. ಅವರು ಮನುಷ್ಯರ ಹೊಟ್ಟೆಯೊಳಗೆ ಇಣುಕಿದವರಲ್ಲ. ಈ ಡಾಕ್ಟರಿಗೇನಾಗಿತ್ತು? ಸ್ಕ್ಯಾನಿಂಗ್ ಮೆಷಿನ್ ಪಕ್ಕದ ಕೋಣೆಯಲ್ಲೇ ಇತ್ತು.

ಮಾತ್ರೆ ನುಂಗಿ ಮಲಗಿದ ನಿಧಿ ಬೆಳಗ್ಗೆ ವಾಂತಿ ಮಾಡತೊಡಗಿದಳು. ಆಸ್ಪತ್ರೆಗೆ ಓಡಿದೆವು. ಸ್ಕ್ಯಾನಿನಲ್ಲಿ ಕಂಡದ್ದು ಅಂಡಾಶಯದಲ್ಲೊಂದು ಕಿತ್ತಳೆ ಗಾತ್ರದ ಗಡ್ಡೆ. ಅದರ ಭಾರಕ್ಕೆ ಅಂಡಾಶಯವೇ ತಿರುಚಿಕೊಂಡು ರಕ್ತ ಓಡಾಟ ನಿಂತಿತ್ತು. ತಕ್ಷಣ ಆಪರೇಷನ್. ಅಂಡಾಶಯ ಉಳಿಯಲಿಲ್ಲ.

“ನಿನ್ನೆಯೇ ಬಂದಿದ್ದರೆ ಉಳಿಸಬಹುದಿತ್ತೇನೋ,” ಎಂದರು ಸರ್ಜನ್. ನಾನು ಕಾರಿಡಾರಿನ ಗೋಡೆಗೆ ಒರಗಿ ನಿಂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಮಗು ಹೆತ್ತರೆ ಸರಿಹೋಗುತ್ತೆ ಎಂದ ಆ ಮನುಷ್ಯ, ನನ್ನ ಮಗಳ ಎರಡು ಅಂಡಾಶಯಗಳಲ್ಲಿ ಒಂದನ್ನೇ ಕಳೆದಿದ್ದ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. “ಇಂಥದ್ದು ತುಂಬಾ ರೇರ್ ಮೇಡಂ,” ಎಂದರು ಡಾಕ್ಟರು. ಅದೇ ಸಮಾಧಾನದ ದನಿ. ದೂರು ಕೊಟ್ಟಿದ್ದೇನೆ, ಹಿಂತೆಗೆದುಕೊಳ್ಳುವುದಿಲ್ಲ.

ಹಾರ್ಲಿಕ್ಸ್ ಹಿಡಿದು ವಾರ್ಡಿಗೆ ಬಂದ ಪರಿಚಯದ ಆಂಟಿ, ಕೂರುವ ಮೊದಲೇ ಕೇಳಿದರು. “ಮುಂದೆ ಮಕ್ಕಳಾಗೋಕೆ ಪ್ರಾಬ್ಲಮ್ ಇಲ್ಲ ತಾನೇ?”

“ಅವಳಿಗೆ ಹೇಗಿದೆ ಅಂತ ಕೇಳಿ ಆಂಟಿ,” ಎಂದೆ. ಅವರಿಗೆ ಬೇಜಾರಾಯಿತು. ಆಗಲಿ.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ನನ್ನನ್ನು ದಾಟಿ ನಿಧಿಯತ್ತ ಬಾಗಿ, ನೋವು ಎಷ್ಟಿದೆ ಎಂದು ಅವಳನ್ನೇ ಕೇಳಿದಳು.

ಅಷ್ಟು ಕೇಳಲು ಒಬ್ಬ ಹುಡುಗಿಯ ಹೊಟ್ಟೆ ಕೊಯ್ಯಲೇಬೇಕಿತ್ತೇ?