ಅತ್ತೆಯ ಹೊಟ್ಟೆಯಲ್ಲಿ ಕಂಡ ಗಡ್ಡೆ

ಶಾಂತವ್ವಾ, ನಿನ್ನ ಅವ್ವನಿಗೆ ಗಡ್ಡೆಯಾಗಿರಲಿಲ್ಲ. ಹಾಗೆಂದು ನಂಬಿಸಿದವಳು ನಾನು, ನಿನ್ನ ಅಣ್ಣನ ಹೆಂಡತಿ, ನಿನ್ನ ವೈನಿ. ಈಗ ನಿನಗೂ ಹೊಟ್ಟೆನೋವು, ಅವ್ವನ ರೋಗವೇ ಬಂತೆಂದು ಹೆದರಿ ಬರೀ ಗಂಜಿ ಕುಡಿದು ಸೊರಗುತ್ತಿದ್ದೀಯಂತೆ — ಇನ್ನು ಬಾಯಿ ಕಟ್ಟಿಕೊಂಡಿರಲಾರೆ.

ನನಗೆ ತಾಯಿಯಿಲ್ಲದ್ದರಿಂದ ಬಾಣಂತನ ಇಳಕಲ್ಲಿನ ನಿಮ್ಮ ಮನೆಯಲ್ಲೇ ಆಯಿತು. ಹಳೇ ಸೀರೆಯಿಂದ ನನ್ನ ಹೊಟ್ಟೆ ಬಿಗಿದು ಕಟ್ಟಿ, ನಿನ್ನ ಅವ್ವ ಎರಡೇ ತುತ್ತು ಅನ್ನ ಹಾಕುತ್ತಿದ್ದಳು. "ಬಾಣಂತಿ ಹೊಟ್ಟಿ ಹಿಗ್ಗಬಾರ್ದು" ಎನ್ನುತ್ತಿದ್ದಳು. ನನ್ನ ಹಾಲು ಬತ್ತಿತು. ಕೂಸು ಅತ್ತು ಅತ್ತು ಕಣ್ಣು ಮುಚ್ಚಿತು. ನಿನ್ನ ಅವ್ವನನ್ನು ನಾನು ಅವತ್ತೇ ಮನಸ್ಸಿನಲ್ಲಿ ಸುಟ್ಟುಬಿಟ್ಟಿದ್ದೆ.

ವರ್ಷಗಳಾದ ಮೇಲೆ ಅವಳಿಗೆ ಹೊಟ್ಟೆನೋವು ಬಂತು. ಬಾಗಲಕೋಟೆಯಿಂದ ರೈಲು ಹತ್ತಿ ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೋದೆವು. ಡಾಕ್ಟರರದು ಮರಾಠಿ, ಅಲ್ಲೇ ಬೆಳೆದ ನನಗೆ ಮಾತ್ರ ಅದು ತಿಳಿಯುತ್ತಿತ್ತು. ನಾಳೆ ಯಂತ್ರದಲ್ಲಿ ಹೊಟ್ಟೆ ನೋಡುತ್ತೇನೆ, ನೀರು ಬಿಟ್ಟು ಏನೂ ಕೊಡಬೇಡ ಎಂದರು. ಏಕಾದಶಿಯ ಹಾಗೆ ಉಪವಾಸವಂತೆ ಎಂದು ನಾನು ಹೇಳಿದೆ. ನಮ್ಮ ಮನೆಯ ಏಕಾದಶಿ ನಿನಗೆ ಗೊತ್ತಲ್ಲ, ಅನ್ನ ರೊಟ್ಟಿಯಷ್ಟೇ ಬಿಡುವುದು! ಬೆಳಿಗ್ಗೆ ಅವಳು ಶೇಂಗಾ ಉಂಡಿಯ ಗಂಟು ಬಿಚ್ಚಿದಾಗ ತಡೆಯಲಿಲ್ಲ — ನಾನೇ ಇನ್ನೊಂದು ಕೈಗಿಟ್ಟೆ. ಬಂದದ್ದು ವ್ಯರ್ಥವಾಗಲಿ ಎಂಬ ಹಟ, ಅಷ್ಟೇ.

ಕತ್ತಲೆ ಕೋಣೆಯಲ್ಲಿ ಸುಣ್ಣದಂಥ ಬಿಳಿ ಗಂಜಿ ಕುಡಿಸಿದರು. ಹಸಿರಾಗಿ ಹೊಳೆಯುವ ಹಲಗೆಯ ಮೇಲೆ, ಕೊಯ್ಯದೆ ಬಗೆಯದೆ, ಅವಳ ಹೊಟ್ಟೆ ಕಂಡಿತು. ನನ್ನ ಕಣ್ಣೆದುರೇ ಹಿಗ್ಗುತ್ತ ಹೋಯಿತು. ನನ್ನದನ್ನು ಬಿಗಿದು ಕಟ್ಟಿದವಳ ಹೊಟ್ಟೆ! ನಡುವೆ ಒಂದು ಕಡೆ ಮಾತ್ರ ಗಂಜಿ ತುಂಬಲಿಲ್ಲ. ಏನಾದರೂ ತಿಂದಿದ್ದಾರೆಯೇ ಎಂದು ಡಾಕ್ಟರು ಕೇಳಿದರು. ಉಂಡಿಯೇ ಅಡ್ಡ ಕೂತಿದೆ ಎಂದು ತಿಳಿದೂ ಇಲ್ಲವೆಂದೆ. ಹಾಗಾದರೆ ಗಡ್ಡೆಯ ಅನುಮಾನವಿದೆ, ನಾಳೆ ಇನ್ನೊಮ್ಮೆ ನೋಡಿಯೇ ಹೇಳುತ್ತೇನೆ ಎಂದರು.

ಹೊರಗೆ ಕಾದಿದ್ದ ನಿನ್ನ ಅಣ್ಣನಿಗೆ ಹೇಳಿದೆ: "ಗಡ್ಡಿ ಐತಂತ್ರಿ. ಇನ್ನ ಬರೇ ಗಂಜಿ ಕೊಡಬೇಕಂತ." ನಾಳೆಯ ಮಾತು ಹೇಳಲಿಲ್ಲ. ಅಂದೇ ರೈಲು ಹತ್ತಿದೆವು.

ಆಮೇಲೆ ಗಂಜಿ ಅಳೆದು ಕೊಡುವ ಕೈ ನನ್ನದಾಯಿತು. ದಿನದಿನಕ್ಕೆ ತೆಳ್ಳಗೆ ಮಾಡಿದೆ. ಒಮ್ಮೆ ಕೈ ಹಿಡಿದು ಕೇಳಿದಳು — "ಒಂದ್ ಚೂರು ರೊಟ್ಟಿ ಕೊಡವಾ, ಹೊಟ್ಟಿ ಹಸ್ತೈತಿ." ಕೊಡಲಿಲ್ಲ. ನನಗೆ ಸಂತೋಷವಾಯಿತು, ಶಾಂತವ್ವಾ. ಸುಳ್ಳು ಹೇಳಲಾರೆ, ಬಹಳ ಸಂತೋಷವಾಯಿತು. ಮಳೆಗಾಲ ಮುಗಿಯುವ ಮೊದಲೇ ಹೋದಳು. ರೋಗದಿಂದಲ್ಲ, ಹಸಿವಿನಿಂದ.

ಕೂಸಿನ ಲೆಕ್ಕ ತೀರಿತು ಅಂದುಕೊಂಡಿದ್ದೆ. ತೀರಲಿಲ್ಲ... ಅವಳನ್ನು ಈಗಲೂ ಕ್ಷಮಿಸಿಲ್ಲ. ನೀನು ನನ್ನನ್ನು ಕ್ಷಮಿಸೆಂದು ಕೇಳುವುದೂ ಇಲ್ಲ.

ನಿನ್ನ ನೋವಿಗೆ ಬೇರೆ ಕಾರಣವಿದ್ದೀತು, ತೋರಿಸಿಕೋ. ಡಾಕ್ಟರರ ಮಾತನ್ನು ನೀನೇ ಕೇಳಿಸಿಕೋ. ಇವತ್ತು ಮಾತ್ರ ಹೊಟ್ಟೆ ತುಂಬ ಉಣ್ಣು — ನನ್ನ ಕೈಯಿಂದ ಬೇಡ.