ಎರಡು ಖಾಲಿ

ಮೊನ್ನೆ ಸೊಲ್ಲಾಪುರದ ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಒಬ್ಬಳೇ ನಿಂತಿದ್ದೆ. ನಡುವಿನ ಮಹಡಿಯಲ್ಲಿ ಬಾಗಿಲು ತೆರೆಯಿತು. ಹೊರಗಿದ್ದ ಹಿರಿಯರೊಬ್ಬರು ತಲೆ ಒಳಗೆ ಹಾಕಿ "ಖಾಲೀ?" ಎಂದರು. ಸುತ್ತ ನೋಡಿದೆ, ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. "ಹೋ, ಖಾಲೀ" ಎಂದೆ. ಅವರು ಹತ್ತಿದರು, ಬಾಗಿಲು ಮುಚ್ಚಿತು, ಲಿಫ್ಟು ಮೇಲಕ್ಕೆ ಹೊರಟಿತು. ಅವರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಕೈಯಲ್ಲಿದ್ದ ಚೀಲವನ್ನು ಎದೆಗೆ ಅವಚಿಕೊಂಡರು.

ನಿಮಗೆ ಮರಾಠಿ ಬರದಿದ್ದರೆ ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಅವರು ಕೇಳಿದ್ದು ಲಿಫ್ಟು ಕೆಳಗೆ ಹೋಗುತ್ತದೆಯೇ ಎಂದು. ನಾನು ಉತ್ತರ ಕೊಟ್ಟದ್ದು ನಮ್ಮ ಕನ್ನಡದ ಖಾಲಿಗೆ. ಹುಟ್ಟಿದಾಗಿನಿಂದ ಎರಡೂ ಭಾಷೆ ಕಿವಿಗೆ ಬಿದ್ದು ಬೆಳೆದವಳಿಗೆ ಈ ವಯಸ್ಸಿನಲ್ಲಿ ಇದೆಂಥ ಎಡವಟ್ಟು! ಅದೂ ಬೇರೆ ಯಾವ ಶಬ್ದವಾದರೂ ಆಗಬಹುದಿತ್ತು. ಈ ಶಬ್ದದ ಜೊತೆ ನನಗೆ ಹಳೆಯ ವ್ಯವಹಾರವಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಿನಾ ಅಕ್ಕಲಕೋಟೆಯಿಂದ ಎಸ್.ಟಿ. ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಕೆಳಗೆ ಚಾದರ ನೇಯುವ ಮಗ್ಗಗಳು, ಮೇಲೆ ಒಂದು ಕೋಣೆ, ಅದರಲ್ಲಿ ಎರಡು ಕಂಪ್ಯೂಟರು. ಮಗ್ಗ ಓಡುವಾಗ ಮೇಜಿನ ಮೇಲಿನ ಚಹಾದ ಕಪ್ಪು ತಾನೇ ಸರಿದು ಅಂಚಿಗೆ ಬರುತ್ತಿತ್ತು. ಚಾದರದ ಚಿತ್ತಾರವನ್ನು ಗ್ರಾಫ್ ಕಾಗದದ ಮೇಲೆ ಕೈಯಿಂದ ತುಂಬುವ ಬದಲು ಕಂಪ್ಯೂಟರಿನಲ್ಲಿ ಬರೆಯಬೇಕೆಂದು ನಮ್ಮ ಸರ್ ಹಟ ಹಿಡಿದಿದ್ದರು. ಅದಕ್ಕಾಗಿ ತಮ್ಮದೇ ಒಂದು ಪುಟ್ಟ ಭಾಷೆ ಕಟ್ಟಿದ್ದರು. ಆ ಭಾಷೆಯಲ್ಲಿ ಬರೆದದ್ದನ್ನು ಓದಿ, ತಪ್ಪು ಹಿಡಿದು, ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರನ್ನೂ ಒಬ್ಬರೇ ಕೂತು ಬರೆದಿದ್ದರು.

ಸರ್ ಬಗ್ಗೆ ಏನು ಹೇಳಲಿ? ಅವರಷ್ಟು ಸಂಶಯದ ಮನುಷ್ಯನನ್ನು ನಾನು ಕಂಡಿಲ್ಲ. ಹಾಲು ತಂದರೆ ಮೂಸಿ ನೋಡುವರು. ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಜಗ್ಗುವರು. "ನಂಬಬ್ಯಾಡವಾ, ತಪಾಸ್ ಮಾಡು" ಎನ್ನುವುದು ಅವರ ಮಂತ್ರ. ಅವರ ಜೊತೆ ಇದ್ದು ಇದ್ದು ನನಗೂ ಆ ಗಾಳಿ ಬಡಿಯಿತು. ಮನೆಯಲ್ಲಿ ಅವ್ವ ಬಡಿಸಿದ ಸಾರನ್ನು ನಾನು ಮೂಸಿದ ದಿನ ಸೌಟಿನಿಂದ ಪೆಟ್ಟು ತಿಂದೆ.

ಕಂಪೈಲರಿನಲ್ಲೂ ಅವರು ಒಂದು ತಪಾಸಣೆ ಇಟ್ಟಿದ್ದರು. ಭಾಷೆಯಲ್ಲಿ ಮೊದಲು ಒಂದು ಕರಾರು ಬರೆಯುವುದು: ಚಿತ್ತಾರ ಎನಿಸಿಕೊಳ್ಳುವ ಯಾವುದೇ ಆಗಲಿ, ಹೂವಿರಲಿ ನವಿಲಿರಲಿ, ಇಂತಿಂಥ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನಿನ್ನ ಅಗಲ ಎಷ್ಟು? ನೀನು ನಿಲ್ಲುವ ಜಾಗ ಖಾಲಿ ಇದೆಯೇ? ಆಮೇಲೆ ಒಂದೊಂದು ಚಿತ್ತಾರ ಬರೆದವರು "ಇದು ಕರಾರು ಪಾಲಿಸುತ್ತದೆ" ಎಂದು ಬರೆಯಬೇಕು. ನಿಜವಾಗಿ ಪಾಲಿಸುತ್ತದೆಯೇ ಎಂದು ಕಂಪೈಲರು ನೋಡಬೇಕು. ಒಂದು ಉತ್ತರ ಬಿಟ್ಟಿದ್ದರೂ ಅದು ಒಳಗೆ ಬಿಡುತ್ತಿರಲಿಲ್ಲ. ಕರಾರನ್ನು ಬರೆದವಳು ನಾನು. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕಿತ್ತು. ಆ ಎರಡನೆಯ ಪ್ರಶ್ನೆಗೆ khali, ಖಾಲಿ ಎಂದೇ ಹೆಸರಿಟ್ಟೆ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ.

ನವಿಲನ್ನು ಬರೆದವನು ಮಿಲಿಂದ. ಮರಾಠಿ ಹುಡುಗ, ನನಗಿಂತ ಸ್ವಲ್ಪ ಚಿಕ್ಕವನು. ನನ್ನನ್ನು ತಾಯೀ ಎನ್ನುತ್ತಿದ್ದ, ಅವರಲ್ಲಿ ಹಾಗೆಂದರೆ ಅಕ್ಕ. ಕನ್ನಡ ಅರ್ಥವಾಗುತ್ತಿತ್ತು, ನಾಲಗೆಯ ಮೇಲೆ ಬರುತ್ತಿದ್ದದ್ದು ಕಡಿಮೆ. ಅಪ್ಪ ಇಲ್ಲದ ಮನೆಯ ಭಾರ ಅವನ ಈ ಕೆಲಸದ ಮೇಲೇ ನಿಂತಿತ್ತು. ಅವನ ನವಿಲು ಎಷ್ಟು ಚೆಂದವಿತ್ತೆಂದರೆ ಸರ್ ಕೂಡ ಅದನ್ನು ಮೂಸದೆ ಒಪ್ಪಿಕೊಂಡಿದ್ದರು. ಕಂಪೈಲರೂ ಒಪ್ಪಿತು. ಮಗ್ಗ ಓದುವ ರಟ್ಟಿನ ಕಾರ್ಡುಗಳಲ್ಲಿ ಚಿತ್ತಾರದ ತೂತು ಕೊರೆಸಿ ಮಗ್ಗಕ್ಕೆ ಹಾಕಿ, ದೊಡ್ಡ ಗಿರಾಕಿಗೆ ತೋರಿಸಲು ಮಾದರಿ ಚಾದರ ನೇಯಿಸಿದರು.

ಗಿರಾಕಿಯ ಎದುರೇ ಮಡಿಕೆ ಬಿಚ್ಚಿದರು. ಸಾಲಾಗಿ ನಿಲ್ಲಬೇಕಾದ ನವಿಲುಗಳು ಮೆಟ್ಟಿಲು ಇಳಿದು ಹೊರಟಿದ್ದವು. ಒಂದಕ್ಕಿಂತ ಒಂದು ಕೆಳಗೆ, ಕೊನೆಯದಂತೂ ಅಂಚಿನ ಹೂಬಳ್ಳಿ ತುಳಿದುಕೊಂಡು ನಿಂತಿತ್ತು. ಗಿರಾಕಿ ನಕ್ಕು ಎದ್ದು ಹೋದರು.

ಅವರು ಅತ್ತ ಹೋದದ್ದೇ ಸರ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಏನವಾ, ಆ ಮಿಲ್ಯಾ ಮೊನ್ನಿ ಯಾರ ಜೋಡಿ ಚಾ ಕುಡ್ಯಾಕತ್ತಿದ್ದ? ಆ ಬಾಜೂ ಕಾರಖಾನಿ ಮನಷ್ಯಾ ಅಲ್ಲೇನು?"

"ನನಗ ಗೊತ್ತಿಲ್ರಿ ಸರ್."

"ಬೇಕಂತ ಮಾಡ್ಯಾನ. ನಮ್ಮ ಡಿಝೈನ್ ಅಲ್ಲಿ ಕೊಟ್ಟು, ನಮಗ ಇದನ್ನ ಇಟ್ಟಾನ."

ಅಂದಿನಿಂದ ಸಂಜೆ ಹೊರಡುವಾಗ ಸರ್ ಬಾಗಿಲಲ್ಲಿ ನಿಂತು ಕೈ ಚಾಚುವರು, ಮಿಲಿಂದ ಚೀಲ ಕೊಡುವನು, ಅವರು ಡಬ್ಬಿಯ ಮುಚ್ಚಳ ಕೂಡ ತೆಗೆದು ನೋಡುವರು. ನನ್ನ ಚೀಲವನ್ನು ಎಂದೂ ಕೇಳಲಿಲ್ಲ. ಮಿಲಿಂದ ತನ್ನ ನವಿಲನ್ನು ಸಾಲು ಸಾಲಾಗಿ ಓದಿ ನೋಡಿದ, ತಪ್ಪೇನೂ ಸಿಗಲಿಲ್ಲ. ಸಿಗದಿದ್ದದ್ದೇ ಸರ್‌ಗೆ ಸಾಕ್ಷಿಯಾಯಿತು. ವಾರ ಕಳೆಯುವ ಮೊದಲೇ "ನಾಳಿಂದ ಬರಬ್ಯಾಡ" ಎಂದುಬಿಟ್ಟರು.

ಗಂಟು ಬಿಚ್ಚಿದ್ದು ಬಸ್ಸಿನಲ್ಲಿ. ಮರುದಿನ ಬೆಳಿಗ್ಗೆ ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಬಸ್ಸು ಕೆಟ್ಟು ಕಂಡಕ್ಟರು "ಖಾಲೀ ಉತರಾ, ಖಾಲೀ ಉತರಾ" ಎಂದು ಕೂಗಿದ, ಕೆಳಗಿಳಿಯಿರಿ ಎಂದು. ಬಾಗಿಲ ಬಳಿ ಕಂಬಳಿ ಹೊದ್ದ ಕರಜಗಿಯ ಮುದುಕ ಸಿಡಿದೆದ್ದ: "ಎಲ್ಲೈತೋ ಖಾಲಿ? ಉಸರ ಬಿಡಾಕ ಜಾಗಾ ಇಲ್ಲ, ಖಾಲಿ ಐತಂತ!" ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಅರ್ಧಕ್ಕೇ ನಿಲ್ಲಿಸಿದೆ.

ಬೇರೆ ಬಸ್ಸು ಹಿಡಿದು ಸೊಲ್ಲಾಪುರ ಮುಟ್ಟಿದವಳೇ ಮಿಲಿಂದನ ನವಿಲು ತೆಗೆದು ನೋಡಿದೆ. ಅದರಲ್ಲಿ ಖಾಲಿ ಇತ್ತು. ಆದರೆ ಅದು ಮರಾಠಿ ಖಾಲೀ! ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ, ಕರಾರಿನ ಹೆಸರನ್ನು ಅವನು ತನ್ನ ಭಾಷೆಯಲ್ಲಿ ಓದಿಕೊಂಡಿದ್ದ. ಚಿತ್ತಾರವನ್ನು ಒಂದು ಸಾಲು ಕೆಳಗಿಳಿಸಿ, ಈಗ ಎಷ್ಟನೆಯ ಸಾಲಿನಲ್ಲಿದ್ದೇನೆ ಎಂಬ ಅಂಕಿಯನ್ನು ಕೊಡುತ್ತಿತ್ತು. ಸೊನ್ನೆಯಲ್ಲದ ಯಾವ ಅಂಕಿಯೂ ಯಂತ್ರಕ್ಕೆ ಹೌದು ಇದ್ದಂತೆ. ಅದು ಪ್ರತಿ ಸಲ "ಜಾಗ ಖಾಲಿಯೇ?" ಎಂದು ಕೇಳಿದಾಗ ನವಿಲು ಪಾಪ ಒಂದು ಮೆಟ್ಟಿಲು ಇಳಿದು "ಹೌದು" ಎನ್ನುತ್ತಿತ್ತು.

ಹಾಗಾದರೆ ಕಂಪೈಲರು ಹೇಗೆ ಬಿಟ್ಟಿತು? ಸರ್ ಬರೆದ ತಪಾಸಣೆಯನ್ನು ಅವರ ಎದುರಿಗೇ ತೆಗೆದೆ. ಅದು ನೋಡುತ್ತಿದ್ದದ್ದು ಹೆಸರನ್ನು ಮಾತ್ರ. ಕರಾರಿನಲ್ಲಿ ಖಾಲಿ ಇದೆಯೇ, ನವಿಲಿನಲ್ಲಿ ಖಾಲಿ ಇದೆಯೇ, ಮುಗಿಯಿತು. ಏನು ತೆಗೆದುಕೊಳ್ಳುತ್ತೀ, ಏನು ಕೊಡುತ್ತೀ ಎಂದು ಕೇಳುತ್ತಲೇ ಇರಲಿಲ್ಲ. ಹಾಲನ್ನು ಮೂಸುವ ಮನುಷ್ಯ ಹೆಸರನ್ನು ನಂಬಿ ಕೂತಿದ್ದರು. ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು.

ಸರ್ ಆ ಸಾಲುಗಳನ್ನು ಬೆರಳಿಟ್ಟು ಎರಡು ಸಲ ಓದಿದರು. "ಅವನ್ನ ಕರಸವಾ" ಎಂದರು.

ಸಂಜೆ ಮಿಲಿಂದ ಬಂದ. ಸರ್ ಎಲ್ಲ ತೋರಿಸಿದರು. "ನಿನ್ನ ಖಾಲಿ ಬ್ಯಾರೆ, ನಮ್ಮ ಖಾಲಿ ಬ್ಯಾರೆ ಆತಪಾ. ಯಾರದೂ ತಪ್ಪಿಲ್ಲ. ನಾಳಿಂದ ಬಾ" ಎಂದರು. ಮಿಲಿಂದ ತಲೆಯಾಡಿಸಿ ಎದ್ದ. ಬಾಗಿಲ ಹತ್ತಿರ ಬರುತ್ತಲೇ ಸರ್ ಅವರ ಕೈ, ರೂಢಿಯಂತೆ, ಚೀಲಕ್ಕಾಗಿ ತಾನಾಗಿ ಮುಂದೆ ಬಂತು. ಚಾಚಿದ ಮೇಲೆಯೇ ಅವರಿಗೆ ತಿಳಿದದ್ದು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮಿಲಿಂದ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಡಬ್ಬಿ, ಬಾಚಣಿಗೆ, ಬಸ್ಸಿನ ಪಾಸು. ಆಮೇಲೆ ಚೀಲದ ಬಾಯಿ ಅಗಲಿಸಿ ಸರ್ ಎದುರು ಹಿಡಿದ.

"ನೋಡ್ರಿ ಸರ್," ಎಂದ. "ಖಾಲಿ ಐತ್ರಿ."

ಬರಿದು ಎನ್ನಬೇಕಾದಲ್ಲೆಲ್ಲ ರಿಕಾಮಾ ಎನ್ನುತ್ತಿದ್ದ ಹುಡುಗ. ನಮ್ಮ ಅರ್ಥದಲ್ಲಿ ಆ ಶಬ್ದವನ್ನು ಅವನ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಸಾಮಾನು ತುಂಬಿಕೊಂಡು ಮೆಟ್ಟಿಲು ಇಳಿದು ಹೋದ. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಸರ್ ತಪಾಸಣೆಯನ್ನು ಪೂರ್ತಿ ತಿದ್ದಿ ಬರೆದರು. ತೆಗೆದುಕೊಳ್ಳುವುದು, ಕೊಡುವುದು, ಎಲ್ಲ ಹೊಂದಬೇಕು. ಕರಾರಿನಲ್ಲಿ ಇಲ್ಲದ್ದನ್ನು ಹೆಚ್ಚಿಗೆ ಕೊಟ್ಟರೂ ಬೈಯುತ್ತಿತ್ತು. ಚೀಲ ನೋಡುವುದನ್ನು ಬಿಟ್ಟರು. ನೋಡಲು ಉಳಿದಿದ್ದದ್ದು ನನ್ನ ಚೀಲವೊಂದೇ.

ಮೊನ್ನೆಯ ಆ ಲಿಫ್ಟು ಮೇಲಿನ ಮಹಡಿ ಮುಟ್ಟಿತು, ನಾನು ಹೊರಗೆ ಹೋಗದೆ ನಿಂತೆ, ಅದು ಮತ್ತೆ ಇಳಿಯತೊಡಗಿತು. ಹಿರಿಯರು ಇನ್ನೂ ಚೀಲ ಅವಚಿಕೊಂಡೇ ಇದ್ದರು. ಮೊದಲಾಗಿದ್ದರೆ ಸುಮ್ಮನಿರುತ್ತಿದ್ದೆ. ಅಂದು ಬಾಯಿಬಿಟ್ಟು ಹೇಳಿದೆ, ನನ್ನ ಹಾಳು ಮರಾಠಿಯಲ್ಲಿ: ಲಿಫ್ಟು ಬರಿದಾಗಿದೆಯೇ ಎಂದು ಕೇಳಿದಿರಿ ಅಂದುಕೊಂಡೆ, ಕನ್ನಡದ ಕಿವಿ, ತಪ್ಪಾಯಿತು.

ಅವರು ಕನ್ನಡಕ್ಕೆ ಹೊರಳಿದರು. "ಅಯ್ಯ, ನಾವೂ ಅಕ್ಕಲಕೋಟಿ ಬಾಜೂ ವಾಗದರಿಯವ್ರ ಅದೀವ್ರಿ, ಕನ್ನಡದವ್ರ" ಎಂದರು. ಆಮೇಲೆ ಬಾಗಿ, ಚೀಲವನ್ನು ನನ್ನ ಕಾಲ ಬಳಿ ನೆಲದ ಮೇಲೆ ಇಟ್ಟರು.